ನಲವತ್ತನಾಲ್ಕನೆಯ ದೂರು ಮತ್ತು ಅರಳಿನ ಡಬ್ಬಿಗಳ ಸಾಲು

ಹಾನ್‌ಚೊನ್ ತಾಲ್ಲೂಕು ಕಚೇರಿಯ ಸಂತೆ ಸುಧಾರಣಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಾನು ಬರೆದ ದೂರನ್ನು ತಾವು ಕೇಳಿಬಿಟ್ಟಿರಿ. ಅದೇ ಈಗ ನನ್ನ ದೂರು.

ಗಾಬರಿಯಾಗಬೇಡಿ, ಬಿಡಿಸಿ ಹೇಳುತ್ತೇನೆ. ಮೇಷ್ಟರ ಕೆಲಸದಿಂದ ನಿವೃತ್ತನಾದ ಈ ಆರು ವರ್ಷಗಳಲ್ಲಿ ನಾನು ತಮ್ಮ ಕಚೇರಿಗೆ ನಲವತ್ತನಾಲ್ಕು ದೂರುಗಳನ್ನು ಬರೆದಿದ್ದೇನೆ. ಸಾರ್ವಜನಿಕ ಶೌಚಾಲಯದಲ್ಲಿ ಸೋಪಿಲ್ಲ ಎಂದು ಬರೆದೆ. ಸೇತುವೆಯ ಮೇಲಿನ ದೀಪದ ಕಂಬ ಹೊಳೆಗೆ ನಮಸ್ಕಾರ ಮಾಡುವಷ್ಟು ಬಾಗಿದೆ ಎಂದು ಬರೆದೆ. ಅಂಚೆ ಕಚೇರಿಯ ಮುಂದೆ ರಸ್ತೆ ದಾಟುವವರ ಹಸಿರು ದೀಪ ಹದಿನಾಲ್ಕು ಸೆಕೆಂಡಿಗೇ ಆರಿಹೋಗುತ್ತದೆ, ಮಂಡಿನೋವಿನ ನನ್ನ ಹೆಂಡತಿ ಆಗ ಇನ್ನೂ ನಡುರಸ್ತೆಯಲ್ಲಿರುತ್ತಾಳೆ ಎಂದು ಮೂರು ಸಲ ಬರೆದೆ. ನಲವತ್ತಮೂರು ದೂರಿಗೂ ತಮ್ಮಿಂದ ಬಂದದ್ದು ಒಂದೇ ಉತ್ತರ: ‘ತಮ್ಮ ಅಮೂಲ್ಯ ಅಭಿಪ್ರಾಯವನ್ನು ಪರಿಶೀಲಿಸಲಾಗುತ್ತಿದೆ.’ ಸೋಪು ಬರಲಿಲ್ಲ, ಕಂಬ ನೆಟ್ಟಗಾಗಲಿಲ್ಲ. ಕ್ರಮೇಣ ನನಗೂ ತಮ್ಮ ಮೇಲೆ ಒಂದು ನಂಬಿಕೆ ಕುದುರಿತು. ಏನು ಬರೆದರೂ ಇವರೇನೂ ಮಾಡುವುದಿಲ್ಲ ಎಂಬ ಧೈರ್ಯದಿಂದಲೇ ನಲವತ್ತನಾಲ್ಕನೆಯದನ್ನು ಬರೆದೆ. ಅದೊಂದಕ್ಕೆ ಮಾತ್ರ ತಾವು ಒಂಬತ್ತೇ ದಿನಗಳಲ್ಲಿ ಕ್ರಮ ಕೈಗೊಂಡಿರಿ. ಮಾನ್ಯರೇ, ಇದು ನಂಬಿಕೆದ್ರೋಹವಲ್ಲವೇ?

ಆ ದೂರು ಯಾವುದೆಂದು ಊರಿಗೆಲ್ಲ ಗೊತ್ತಿದೆ. ಆದರೂ ಇದು ಬಹಿರಂಗ ಪತ್ರವಾದ್ದರಿಂದ ಹೇಳಿಬಿಡುತ್ತೇನೆ. ತಾರೀಕಿನ ಕೊನೆಯಲ್ಲಿ ಎರಡೋ ಏಳೋ ಬಂದ ದಿನ ನಮ್ಮೂರಿನ ಸಂತೆ. ಸಂತೆಯ ಬಾಗಿಲಲ್ಲಿರುವ ಮುದಿಮರದ ಕೆಳಗೆ ತಾಕ್ ಮಾನ್‌ಸು ಅರಳು ಸಿಡಿಸುತ್ತಾನೆ. ಸಿಡಿಸುತ್ತಿದ್ದ ಎನ್ನಬೇಕು. ಆತನಿಗಿಂತ ಮೊದಲು ಆತನ ಅಪ್ಪನೂ ಅಲ್ಲೇ ಸಿಡಿಸುತ್ತಿದ್ದ. ಜನ ತಮ್ಮ ತಮ್ಮ ಮನೆಯ ಅಕ್ಕಿ, ಜೋಳ, ಒಣಗಿದ ಅಕ್ಕಿಹಿಟ್ಟಿನ ಚೂರುಗಳನ್ನು ಹಳೆಯ ಡಬ್ಬಿಗಳಲ್ಲಿ ತುಂಬಿಕೊಂಡು ಬಂದು ಮರದ ಬುಡದಿಂದ ಸಾಲಾಗಿ ಇಟ್ಟು ಹೋಗುತ್ತಾರೆ. ಮನುಷ್ಯರು ನಿಲ್ಲುವುದಿಲ್ಲ, ಡಬ್ಬಿಗಳೇ ಪಾಳಿ ನಿಲ್ಲುತ್ತವೆ. ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಮದುವೆಯ ಊಟದಲ್ಲಿ ಒಬ್ಬರ ಮೇಲೊಬ್ಬರು ಬೀಳುವ ನಮ್ಮ ಜನ ಆ ಡಬ್ಬಿಗಳ ಸಾಲನ್ನು ಮಾತ್ರ ಯಾವತ್ತೂ ಮುರಿದದ್ದಿಲ್ಲ. ಮಾನ್‌ಸು ಒಂದೊಂದೇ ಡಬ್ಬಿಯ ಕಾಳನ್ನು ಕಪ್ಪು ಕಬ್ಬಿಣದ ಉರುಳೆಯೊಳಗೆ ಸುರಿದು, ಬಾಯಿ ಬಿಗಿದು, ಬೆಂಕಿಯ ಮೇಲೆ ಹತ್ತು ನಿಮಿಷ ತಿರುಗಿಸುತ್ತಾನೆ. ಆಮೇಲೆ ಎದ್ದು ನಿಂತು ‘ಪ್ಪೊಂಗಿಯೋ!’, ಅಂದರೆ ‘ಇಗೋ ಸಿಡಿಯಿತು!’, ಎಂದು ರಾಗವಾಗಿ ಕೂಗುತ್ತಾನೆ. ಸಂತೆಯೆಲ್ಲ ಕಿವಿ ಮುಚ್ಚಿಕೊಳ್ಳುತ್ತದೆ. ಢಂ! ಬಿಳಿ ಹೊಗೆ ಏಳುತ್ತದೆ, ಒಂದು ಡಬ್ಬಿ ಅಕ್ಕಿ ಒಂದು ಚೀಲ ಅರಳಾಗಿ ಬಲೆಯೊಳಗೆ ಬಿದ್ದಿರುತ್ತದೆ.

ನನ್ನ ಮನೆ ಆ ಮರದಿಂದ ನೂರು ಹೆಜ್ಜೆ ದೂರದ ಹೊಸ ಕಟ್ಟಡದ ನಾಲ್ಕನೆಯ ಮಹಡಿ. ಮಧ್ಯಾಹ್ನ ಒಂದರಿಂದ ಎರಡರವರೆಗೆ ಮಲಗುವುದು ನನ್ನ ಮೂವತ್ತೊಂದು ವರ್ಷಗಳ ಕನಸಾಗಿತ್ತು. ಅಷ್ಟೂ ವರ್ಷ ಆ ಹೊತ್ತಿನಲ್ಲಿ ಹುಡುಗರು ಮಲಗುತ್ತಿದ್ದರು, ನಾನು ನಿಂತುಕೊಂಡು ನೋಡುತ್ತಿದ್ದೆ. ಈಗ ನನ್ನ ಸರದಿ ಬಂದಾಗ ಈ ಢಂ! ನಾನು ಪ್ರೌಢಶಾಲೆಯಲ್ಲಿ ಅರ್ಥಶಾಸ್ತ್ರ ಹೇಳಿದವನು. ಬೇರೆಯವರಾಗಿದ್ದರೆ ಕಿಟಕಿ ತೆರೆದು ಬೈಯುತ್ತಿದ್ದರು. ನಾನು ಮೂರು ಹಾಳೆ ಬರೆದೆ, ಒಂದು ನಕ್ಷೆಯನ್ನೂ ಎಳೆದೆ. ಮಾನ್‌ಸು ಮತ್ತು ಅವನ ಗಿರಾಕಿ ತಮ್ಮತಮ್ಮೊಳಗೆ ವ್ಯಾಪಾರ ಮಾಡಿಕೊಳ್ಳುತ್ತಾರೆ, ಆ ವ್ಯಾಪಾರದಲ್ಲಿ ಇಲ್ಲದ ನನ್ನ ನಿದ್ದೆ ಅದಕ್ಕೆ ಬೆಲೆ ತೆರುತ್ತದೆ, ಇದನ್ನೇ ಶಾಸ್ತ್ರದಲ್ಲಿ ಬಾಹ್ಯ ಪರಿಣಾಮ ಎನ್ನುವುದು, ಮಾರುಕಟ್ಟೆ ತಾನಾಗಿ ಇದನ್ನು ಸರಿಮಾಡುವುದಿಲ್ಲ, ಆದ್ದರಿಂದ ಸರ್ಕಾರ ಮಧ್ಯೆ ಬರತಕ್ಕದ್ದು ಎಂದು ಮುಗಿಸಿದೆ. ಬರೆದು ಮುಗಿಸಿದಾಗ ಎಷ್ಟು ತೃಪ್ತಿಯಾಯಿತೆಂದರೆ ಆವತ್ತು ಢಂ ಸದ್ದಿನ ನಡುವೆಯೂ ಚೆನ್ನಾಗಿ ನಿದ್ದೆ ಬಂತು.

ತಮ್ಮ ಕಚೇರಿಯಿಂದ ಸದ್ದಳೆಯುವ ಮೀಟರು ಹಿಡಿದ ಒಬ್ಬ ಪರಿವೀಕ್ಷಕರು ಬಂದರು. ಐದು ನಿಮಿಷದ ಸರಾಸರಿ ತೆಗೆದರು. ಢಂ ಎಂಬುದು ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ಕೂಗನ್ನಾದರೋ ಮಾನ್‌ಸು ಎಳೆದೆಳೆದು ಕೂಗುತ್ತಾನೆ. ಸರಾಸರಿಯ ಮಹಿಮೆಯಿಂದ ಢಂ ನಿರಪರಾಧಿಯಾಯಿತು, ಕೂಗು ಸಿಕ್ಕಿಬಿತ್ತು. ಆಗ ಪಕ್ಕದಲ್ಲಿದ್ದವರು ಹೇಳಿದ ಪ್ರಕಾರ ನಡೆದ ಮಾತು ಇಷ್ಟು:

“ಸ್ವಾಮಿ, ಕೂಗಿ ಗಿರಾಕಿ ಕರೀತಿಲ್ಲ ನಾನು, ಓಡಿಸ್ತಿದೀನಿ. ದೂರ ಹೋಗಿ, ಕಿವಿ ಮುಚ್ಕೊಳ್ಳಿ ಅಂತ.”

“ನೋಡಿ ಇವ್ರೇ, ನಮ್ಮ ಫಾರಮ್ಮಲ್ಲಿ ಕರೆಯೋ ಕೂಗು, ಓಡಿಸೋ ಕೂಗು ಅಂತ ಬೇರೆಬೇರೆ ಕಾಲಂ ಇಲ್ಲ. ಕೂಗು ಅಂದ್ರೆ ಕೂಗೇ.”

ಮೊದಲನೆಯ ಆದೇಶ ಹೊರಟಿತು: ಸಂತೆಯ ಆವರಣದಲ್ಲಿ ಕೂಗುವುದು ನಿಷಿದ್ಧ, ಯಂತ್ರದ ಸದ್ದು ವೃತ್ತಿಗೆ ಅನಿವಾರ್ಯವಾದ್ದರಿಂದ ಅಭ್ಯಂತರವಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಎತ್ತು ಈಯಿತೆಂದು ಹೇಳಿದವನು ನಾನೇ, ಒಪ್ಪಿದೆ. ಆದರೆ ಹಗ್ಗ ಹಿಡಿದು ಬಂದವರು ಎತ್ತಿನ ಹಿಂದುಗಡೆಯನ್ನು ಒಮ್ಮೆ ನೋಡಬಾರದಾಗಿತ್ತೇ?

ಮಾನ್‌ಸು ಕಾನೂನಿಗೆ ಹೆದರುವ ಮನುಷ್ಯ. ಕೂಗುವುದನ್ನು ಅಂದೇ ಬಿಟ್ಟ. ಅದರ ಬದಲು ಒಂದು ರಟ್ಟಿನ ಮೇಲೆ ‘ಈಗ ಢಂ ಅನ್ನುತ್ತದೆ’ ಎಂದು ಬರೆದು ತಲೆಯ ಮೇಲೆ ಎತ್ತಿ ಹಿಡಿಯತೊಡಗಿದ. ಬೆನ್ನು ತಿರುಗಿಸಿ ನಿಂತವರು ಬೆನ್ನಿನಿಂದ ಓದಲಾದೀತೇ? ಮುಂದಿನ ಸಂತೆಯ ದಿನ ನಾನು ಒಂದು ಕೈಯಲ್ಲಿ ಸೊಪ್ಪಿನ ಕಟ್ಟು, ಇನ್ನೊಂದು ಅಂಗೈ ಮೇಲೆ ಆಗತಾನೆ ಕೊಂಡ ತೋಫುವಿನ, ಅಂದರೆ ಸೋಯಾ ಪನ್ನೀರಿನ, ಮೆತ್ತನೆಯ ಗಟ್ಟಿ ಹಿಡಿದುಕೊಂಡು ಕೆಸರುಮೀನು ಮಾರುವವಳ ತೊಟ್ಟಿಯ ಪಕ್ಕ ನಿಂತಿದ್ದೆ. ಮುನ್ಸೂಚನೆಯಿಲ್ಲದೆ ಢಂ! ನನ್ನ ಎರಡು ಪಾದಗಳೂ ನೆಲ ಬಿಟ್ಟವು. ತೋಫು ನನಗಿಂತ ಎತ್ತರಕ್ಕೆ ಹಾರಿ ತೊಟ್ಟಿಯೊಳಗೆ ಬಿತ್ತು. ಬೆಚ್ಚಿದ ಮೀನುಗಳಿಗೆ ಅಡಗಿಕೊಳ್ಳಲು ಅದಕ್ಕಿಂತ ಮೆತ್ತಗಿನ ಜಾಗ ಇನ್ನೆಲ್ಲಿ ಸಿಗಬೇಕು? ಒಂದಾದ ಮೇಲೊಂದು ಅದರೊಳಗೆ ಕೊರೆದುಕೊಂಡು ನುಗ್ಗಿದವು.

ಮೀನಿನವಳು ಬಗ್ಗಿ ನೋಡಿದಳು. “ಬಿಡಿ ಮೇಷ್ಟ್ರೇ, ಅರ್ಧ ಅಡಿಗೆ ಆಗೇ ಹೋಯ್ತು. ಒಲೆ ಮೇಲಿಟ್ಟು ಖಾರ ಹಾಕಿದ್ರೆ ಸಾರು. ತೋಫು ನಿಮ್ದು, ಒಳಗಿರೋ ಮೀನು ನಂದು. ಮೀನಿನ ದುಡ್ಡು ಕೊಟ್ಟು ಎತ್ಕೊಂಡೋಗಿ.”

“ನಾನು ಮೀನು ಕೇಳಲೇ ಇಲ್ಲವಲ್ಲಮ್ಮ?”

“ಮೀನೇನು ತೋಫು ಕೇಳಿತ್ತಾ?”

ದುಡ್ಡು ಕೊಟ್ಟೆ. ಆವತ್ತೊಂದೇ ದಿನ ಹನ್ನೊಂದು ತಟ್ಟೆ ಮೊಟ್ಟೆ ಒಡೆಯಿತು, ಒಬ್ಬರ ಕಟ್ಟಿಸಿದ ಹಲ್ಲು ಎಳ್ಳಿನ ಚೀಲದೊಳಗೆ ಬಿದ್ದು ಹುಡುಕಲು ಅರ್ಧ ದಿನ ಹಿಡಿಯಿತು. ಆಗ ನನಗೆ ತಿಳಿಯಿತು ಮಾನ್ಯರೇ, ಆ ಕೂಗು ಸದ್ದಾಗಿರಲಿಲ್ಲ, ಸುದ್ದಿಯಾಗಿತ್ತು. ಯಾರೂ ದುಡ್ಡು ಕೊಡದೆ ಎಲ್ಲರಿಗೂ ಸಮನಾಗಿ ಸಿಗುತ್ತಿದ್ದ ಸುದ್ದಿ. ಅಪಾಯವನ್ನು ಉಳಿಸಿಕೊಂಡು ಎಚ್ಚರಿಕೆಯನ್ನು ಮಾತ್ರ ನಿಷೇಧಿಸಿದ ಕಚೇರಿ ಪ್ರಪಂಚದಲ್ಲಿ ಇನ್ನೆಲ್ಲಾದರೂ ಇದ್ದರೆ ತಿಳಿಸಿ, ಅವರಿಗೂ ಒಂದು ಕಾಗದ ಬರೆಯುತ್ತೇನೆ.

ತಾವು ತಪ್ಪು ತಿದ್ದಿಕೊಳ್ಳುವಿರಿ, ಕೂಗನ್ನು ವಾಪಸು ಕೊಡುವಿರಿ ಎಂದುಕೊಂಡೆ. ಆದರೆ ಎರಡನೆಯ ಆದೇಶ ಬಂತು. ನೆಗಡಿ ಬಂತೆಂದು ಮೂಗನ್ನೇ ಕೊಯ್ದ ಹಾಗೆ, ಅರಳಿನ ಯಂತ್ರವನ್ನು ಸೇತುವೆಯಾಚೆಯ ಲಾರಿ ನಿಲ್ಲುವ ಮೈದಾನಕ್ಕೆ ಕಳಿಸಿದಿರಿ. ಮರದ ಕೆಳಗಿನ ಜಾಗದಲ್ಲಿ ಗಾಜಿನ ಮಳಿಗೆಯೊಂದನ್ನು ನಿಲ್ಲಿಸಿ, ಕಾರ್ಖಾನೆಯಲ್ಲಿ ಸದ್ದಿಲ್ಲದೆ ಮಾಡಿದ ಅರಳನ್ನು ಆರು ಬಣ್ಣದ ಚೀಲಗಳಲ್ಲಿ ಮಾರಲು ಇಟ್ಟಿರಿ. ಆ ಆದೇಶದ ಪ್ರತಿಯನ್ನು ಸಂತೆಯ ಸೂಚನಾಫಲಕಕ್ಕೆ ಅಂಟಿಸಿದ್ದಿರಲ್ಲ, ಅದರ ಎರಡು ವಾಕ್ಯಗಳು ನನ್ನ ಎದೆಗೆ ನಾಟಿದವು.

ಒಂದು: ‘ನದಿತೀರದ ಎರಡನೆಯ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿರುವ ನಿವೃತ್ತ ಅರ್ಥಶಾಸ್ತ್ರ ಶಿಕ್ಷಕರೊಬ್ಬರ ದೂರನ್ನು ಆಧರಿಸಿ. ದೂರುದಾರರ ಹೆಸರನ್ನು ಗೌಪ್ಯವಾಗಿಡಲಾಗಿದೆ.’ ಇಂಥ ಗೌಪ್ಯವನ್ನು ಕಾಪಾಡಿದ್ದಕ್ಕೆ ತಮಗೆ ಕೃತಜ್ಞತೆ ಸಲ್ಲಿಸುವುದು ಹೇಗೆಂದು ತಿಳಿಯುತ್ತಿಲ್ಲ.

ಇನ್ನೊಂದು: ‘ಬೆಲೆಯ ಚೀಟಿಯಲ್ಲಿ ಕಾಣದೆ ಪಕ್ಕದವನ ಬೆನ್ನ ಮೇಲೆ ಬೀಳುವ ಹೊರೆಯೇ ಬಾಹ್ಯ ಪರಿಣಾಮ.’ ಮಾನ್ಯರೇ, ಇದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ, ನನ್ನ ದೂರಿನಲ್ಲೂ ಇರಲಿಲ್ಲ. ನಾನೇ ಕಟ್ಟಿ, ಮೂವತ್ತೊಂದು ವರ್ಷ ತರಗತಿಯಲ್ಲಿ ಬರೆಸಿದ ವಾಕ್ಯ ಇದು. ಅಂದರೆ ತಾವು ನನ್ನ ಶಿಷ್ಯರು. ಮೊದಲು ಹೆಮ್ಮೆಯಾಯಿತು. ಇಷ್ಟು ವರ್ಷವಾದರೂ ಒಂದಕ್ಷರ ತಪ್ಪಿಲ್ಲ! ಆ ಹೆಮ್ಮೆ ಎಷ್ಟು ಹೊತ್ತು ಉಳಿಯಿತೆಂದರೆ, ಎಳ್ಳೆಣ್ಣೆ ಅಂಗಡಿಗೆ ಹೋಗುವವರೆಗೆ.

ಎಳ್ಳೆಣ್ಣೆ ತೆಗೆಯುವ ಸೊಚೊನ್ ಅಜ್ಜಿಯ ಅಂಗಡಿ ಮುದಿಮರಕ್ಕೆ ಎದುರಾಗಿಯೇ ಇದೆ. ಸೊಚೊನ್ ಆಕೆಯ ತವರು, ಆಕೆಯ ಸ್ವಂತ ಹೆಸರು ಏನೆಂದು ಆಕೆಗೇ ನೆನಪಿದೆಯೋ ಇಲ್ಲವೋ. ಆರು ವರ್ಷಗಳಿಂದ ಅಜ್ಜಿ ನನ್ನ ಸೀಸೆಗೆ ಎಣ್ಣೆ ತುಂಬಿದ ಮೇಲೆ ಒಂದು ಚಮಚ ಕೊಸರು ಹಾಕುತ್ತಿದ್ದಳು, ಜೊತೆಗೆ ಕಾಗದದ ಪೊಟ್ಟಣದಲ್ಲಿ ಒಂದು ಹಿಡಿ ಹುರಿದ ಎಳ್ಳು. ಈ ಸಲ ಸೀಸೆಯ ಗೆರೆಗೆ ಸರಿಯಾಗಿ ನಿಲ್ಲಿಸಿದಳು. ಲಾಳಿಕೆಯ ತುದಿಯಲ್ಲಿ ನೇತಾಡುತ್ತಿದ್ದ ಹನಿಯನ್ನೂ ಬೆರಳಿನಿಂದ ತೆಗೆದು ತನ್ನ ತಲೆಗೆ ಸವರಿಕೊಂಡಳು.

“ಕೊಸರು?” ಎಂದೆ.

“ಬೇಡ ಬಿಡಿ ಮೇಷ್ಟ್ರೇ. ನಿಮ್ಗೆ ಒಂದು ಚಮಚ ಜಾಸ್ತಿ ಹಾಕಿದ್ರೆ ವಾಸನೆ ಪಕ್ಕದ ಮನೆಗೆ ಹೋದೀತು. ಅವ್ರ ಬೆನ್ನ ಮೇಲೆ ಹೊರೆ ಬಿದ್ದೀತು. ಸುಮ್ನೆ ಯಾಕೆ, ನಾಲ್ಕನೇ ಮಹಡಿಯೋರು ಕಾಗದ ಬರೆದಾರು.”

ನಮ್ಮ ಕಡೆಯವರು ನೇರವಾಗಿ ಬೈಯುವುದಿಲ್ಲ, ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುತ್ತಾರೆ ಎಂಬುದು ತಮಗೂ ಗೊತ್ತು. ಆವತ್ತು ಇಡೀ ಸಂತೆಯ ಅಡ್ಡಗೋಡೆಗಳ ಮೇಲೆಲ್ಲ ದೀಪಾವಳಿ. ಒಬ್ಬರೂ ನನಗೆ ಕೊಸರು ಹಾಕಲಿಲ್ಲ. ಮೊಳಕೆಕಾಳಿನವಳು ತಕ್ಕಡಿಯಿಂದ ಎರಡು ಕಾಳು ವಾಪಸು ತೆಗೆದುಕೊಂಡಳು. ನೋಡಿ, ಕೊಸರೆಂಬುದು ಯಾವ ಬೆಲೆಪಟ್ಟಿಯಲ್ಲೂ ಇರುವುದಿಲ್ಲ, ನಿಂತುಹೋದಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಮನೆಗೆ ಬಂದೆ.

ಈಗ ತಮ್ಮ ಗಾಜಿನ ಮಳಿಗೆಯ ವಿಚಾರ. ಮಾನ್‌ಸುವಿಗೆ ಒಂದು ಡಬ್ಬಿ ಸಿಡಿಸಲು ಕೊಡುವುದಕ್ಕಿಂತ ತಮ್ಮ ಚೀಲದ ಬೆಲೆ ಕಡಿಮೆ. ಮನೆಯಿಂದ ಅಕ್ಕಿ ಹೊರುವ ಕಷ್ಟವಿಲ್ಲ, ಕಾಯುವ ಕಾಟವಿಲ್ಲ, ಕಿವಿ ಮುಚ್ಚಿಕೊಳ್ಳಬೇಕಿಲ್ಲ. ನಾನು ಪಾಠ ಹೇಳಿದ ಪ್ರಕಾರ ವಿವೇಕವುಳ್ಳ ಗಿರಾಕಿ ಅಗ್ಗದ್ದನ್ನೂ ಬೇಗ ಸಿಗುವುದನ್ನೂ ಆರಿಸಿಕೊಳ್ಳಬೇಕು. ಹಾಗಾದರೆ ನಾಲ್ಕು ಸಂತೆ ಕಳೆದರೂ ಆ ಆರು ಬಣ್ಣದ ಚೀಲಗಳು ಬಿಸಿಲಿಗೆ ಒಂದೇ ಬಣ್ಣವಾಗುತ್ತಿರುವುದು ಏಕೆ? ನಮ್ಮೂರಿನ ಹೆಂಗಸರಿಗೆ ವಿವೇಕವಿಲ್ಲವೇ? ಈ ಪ್ರಶ್ನೆಯನ್ನು ನಾನು ಬಾಯಿತಪ್ಪಿ ಮನೆಯಲ್ಲಿ ಜೋರಾಗಿ ಕೇಳಿಬಿಟ್ಟೆ. ನನ್ನ ಹೆಂಡತಿ ಸೊಪ್ಪು ಸೋಸುತ್ತಿದ್ದವಳು ಚಾಕು ಕೆಳಗಿಟ್ಟಳು.

“ರೀ, ನಿಮ್ಮ ಪುಸ್ತಕ ಬರೆದೋರು ಯಾವತ್ತಾದ್ರೂ ಚೀಲ ಹಿಡ್ಕೊಂಡು ಸಂತೆಗೆ ಹೋಗಿದ್ರಾ? ಅರಳು ಯಾರಿಗ್ರೀ ಬೇಕು? ಹೋದ ತಿಂಗಳದ್ದೇ ಇನ್ನೂ ಅರ್ಧ ಚೀಲ ಇದೆ. ಡಬ್ಬಿ ಇಟ್ರೆ ನನ್ನ ಪಾಳಿ ಬರೋಕೆ ಒಂದೂವರೆ ಗಂಟೆ. ಆ ಒಂದೂವರೆ ಗಂಟೆ ನಂದು. ಅಜ್ಜಿ ಅಂಗಡೀಲಿ ಕಾಲು ಚಾಚ್ಕೊಂಡು ಕೂತಿರ್ತಿದ್ದೆ. ಕಾಲುಚೀಲದವನ ಹತ್ರ ಹತ್ತು ಜೊತೆ ಎಳೆದು ನೋಡಿ ಒಂದು ತಗೋತಿದ್ದೆ. ಬಿಸಿ ನೂಡಲ್ಸ್ ತಿಂತಿದ್ದೆ. ಇಷ್ಟು ಹೊತ್ತು ಎಲ್ಲೋಗಿದ್ದೆ ಅಂತ ನೀವು ಕೇಳಿದ್ರೆ, ಅರಳು ಸಿಡಿಸೋಕೆ ಅಂತಿದ್ದೆ. ಈಗ ನೋಡಿದ್ರೆ ಕೈಗೊಂದು ಚೀಲ ಕೊಟ್ಟು ಎರಡೇ ನಿಮಿಷಕ್ಕೆ ಮನೆಗೆ ಕಳಿಸ್ತಾರಂತೆ. ಮನೇಲಿ ಯಾರಿದಾರೆ? ನೀವು.”

ಮೂವತ್ತೊಂದು ವರ್ಷ ಅರ್ಥಶಾಸ್ತ್ರ ಹೇಳಿದವನು ಸೊಪ್ಪಿನ ಬುಟ್ಟಿಯ ಮುಂದೆ ಪಾಠ ಕಲಿತೆ. ಮಾನ್‌ಸು ಮಾರುತ್ತಿದ್ದದ್ದು ಅರಳನ್ನಲ್ಲ, ಬಿಡುವನ್ನು. ಡಬ್ಬಿ ಪಾಳಿಯಲ್ಲಿ ನಿಂತಿರುವವರೆಗೆ ಹೆಂಗಸರು ಸಂತೆಯಲ್ಲಿ ಇರಲೇಬೇಕು. ಇರುವವರೆಗೆ ಎಣ್ಣೆ, ಕಾಲುಚೀಲ, ನೂಡಲ್ಸ್ ಎಲ್ಲವೂ ಖರ್ಚಾಗುತ್ತದೆ. ಸಂತೆಯ ಅರ್ಧ ವ್ಯಾಪಾರ ಆತನ ಹತ್ತು ಹತ್ತು ನಿಮಿಷಗಳ ಬೆಂಕಿಯಲ್ಲಿ ಬೇಯುತ್ತಿತ್ತು, ಅದಕ್ಕೆ ಯಾರೊಬ್ಬರೂ ಆತನಿಗೆ ಬಿಡಿಗಾಸು ಕೊಟ್ಟದ್ದಿಲ್ಲ, ಆತ ಕೇಳಿದ್ದೂ ಇಲ್ಲ. ಇದೂ ಬೆಲೆಯ ಚೀಟಿಯಲ್ಲಿ ಕಾಣದ್ದೇ. ಇದೂ ಪಕ್ಕದವನಿಗೆ ಸಿಗುವಂಥದ್ದೇ. ಹೊರೆ ಮಾತ್ರ ಅಲ್ಲ, ವರ.

ಇಲ್ಲಿ ನಾನೊಂದು ತಪ್ಪೊಪ್ಪಿಕೊಳ್ಳಬೇಕು. ಬಾಹ್ಯ ಪರಿಣಾಮದ ಪಾಠಕ್ಕೆ ಎರಡು ಭಾಗಗಳಿವೆ. ಮೊದಲ ಭಾಗದಲ್ಲಿ ಕಾರ್ಖಾನೆಯ ಹೊಗೆ ಪಕ್ಕದ ಮನೆಯ ಒಗೆದ ಬಟ್ಟೆಯನ್ನು ಕಪ್ಪು ಮಾಡುತ್ತದೆ. ಎರಡನೆಯ ಭಾಗದಲ್ಲಿ ಜೇನು ಸಾಕುವವನ ಹುಳುಗಳು ಪಕ್ಕದ ತೋಟದ ಹಣ್ಣಿನ ಫಸಲು ಹೆಚ್ಚಿಸುತ್ತವೆ. ಹೊಗೆಯ ಭಾಗ ಪರೀಕ್ಷೆಗೆ ಪ್ರತಿವರ್ಷ ಬರುತ್ತಿತ್ತು. ಜೇನಿನ ಭಾಗ ಯಾವಾಗಲೂ ವರ್ಷದ ಕೊನೆಯ ವಾರಕ್ಕೆ ಬೀಳುತ್ತಿತ್ತು. ನಾನು ಪುಸ್ತಕ ಮುಚ್ಚಿ, “ಇದು ಪರೀಕ್ಷೆಗೆ ಬರಲ್ಲ, ಮನೇಲಿ ಓದ್ಕೊಳ್ಳಿ” ಎಂದುಬಿಡುತ್ತಿದ್ದೆ. ಮೂವತ್ತೊಂದು ವರ್ಷ ಹಾಗೇ ಅಂದೆ. ಪರೀಕ್ಷೆಗೆ ಬರದ್ದನ್ನು ಮನೆಯಲ್ಲಿ ಓದಿದ ಮಗು ಈ ದೇಶದಲ್ಲಿ ಹುಟ್ಟಿಲ್ಲವೆಂದು ಗೊತ್ತಿದ್ದೂ ಅಂದೆ. ತಾವು ಹೊಗೆಯನ್ನು ಮಾತ್ರ ಕಂಡು ಜೇನನ್ನು ಕಾಣದೆ ಹೋಗಿದ್ದರೆ ಅದರಲ್ಲಿ ತಮ್ಮ ತಪ್ಪು ಅರ್ಧ, ನನ್ನ ತಪ್ಪು ಅರ್ಧ. ನನಗೆ ಈ ವಯಸ್ಸಿನಲ್ಲಿ ನಾಚಿಕೆಯಾಗಿದೆ, ಅದನ್ನು ಮುಚ್ಚಿಡುವುದಿಲ್ಲ.

ಮೊನ್ನೆ ಸೇತುವೆ ದಾಟಿ ಲಾರಿ ಮೈದಾನಕ್ಕೆ ಹೋದೆ. ನಡೆಯಲು ನನಗೇ ಅರ್ಧ ಗಂಟೆ ಹಿಡಿಯಿತು, ಡಬ್ಬಿ ಹೊತ್ತ ಮುದುಕಿಯರು ಬರುವುದೆಲ್ಲಿಂದ? ಎರಡು ಲಾರಿಗಳ ನಡುವೆ ಮಾನ್‌ಸು ತಣ್ಣಗಾದ ಉರುಳೆಯ ಪಕ್ಕ ಕೂತಿದ್ದ. ಮುಂದೆ ಒಂದೇ ಒಂದು ಡಬ್ಬಿಯಿತ್ತು. ಅದೂ ಆತನದೇ, ಖಾಲಿ ಕಾಣಬಾರದೆಂದು ಇಟ್ಟುಕೊಂಡದ್ದು.

“ಮಾನ್‌ಸು, ನನ್ನಿಂದ ತಪ್ಪಾಯ್ತಪ್ಪ,” ಎಂದೆ.

“ಗೊತ್ತು ಮೇಷ್ಟ್ರೇ. ನಾಲ್ಕನೇ ಮಹಡಿ, ಗೌಪ್ಯ.” ಆತ ಕೂರಲು ಒಂದು ಪೆಟ್ಟಿಗೆ ಎಳೆದು ಕೊಟ್ಟ. “ಅದ್ಸರಿ, ನಿಮ್ಗೆ ತೊಂದ್ರೆ ಆಗ್ತಿದ್ದಿದ್ದು ಯಾವ ಹೊತ್ನಲ್ಲಿ?”

“ಒಂದರಿಂದ ಎರಡು. ಮಲಗೋ ಹೊತ್ತು.”

“ಅಷ್ಟೇನಾ?” ಮಾನ್‌ಸು ತೊಡೆ ತಟ್ಟಿಕೊಂಡು ನಕ್ಕ. “ಅಯ್ಯೋ, ನಾನು ಊಟ ಮಾಡೋದೇ ಒಂದೂವರೆಗೆ. ಅರ್ಧ ಗಂಟೆ ಮೊದ್ಲೇ ಕೂತಿದ್ರೆ ಮುಗೀತಿತ್ತು. ನೂರು ಹೆಜ್ಜೆ ಇಳ್ಕೊಂಡು ಬಂದು ಒಂದ್ಮಾತು ಹೇಳ್ಬಾರ್ದಾಗಿತ್ತಾ? ಕಚೇರಿಗೆ ಎಷ್ಟು ಹಾಳೆ ಬರೆದ್ರಿ?”

“ಮೂರು. ಒಂದು ನಕ್ಷೆ ಬೇರೆ.”

“ನಕ್ಷೇನೂ ಇತ್ತಾ!” ಎಂದು ಆತ ಮತ್ತೆ ನಕ್ಕ. ಆಮೇಲೆ ನಗು ನಿಂತಿತು. “ಈಗ ನಕ್ಕೇನು ಪ್ರಯೋಜ್ನ ಬಿಡಿ. ಇಪ್ಪತ್ತೇಳಕ್ಕೆ ಗುಜರಿಯೋನು ಬರ್ತಾನೆ. ಕಬ್ಬಿಣದ ತೂಕಕ್ಕೆ ಹಾಕ್ಬಿಡ್ತೀನಿ. ನಮ್ಮಪ್ಪ ಇದ್ರ ಮುಂದೆ ಕೂತು ಕೂತು ಒಂದು ಕಿವಿ ಕಳ್ಕೊಂಡ, ನಂದೂ ಅರ್ಧ ಹೋಗಿದೆ. ಹೊಟ್ಟೆಗೇನೋ ಹೆಂಗೋ ಆಗುತ್ತೆ ಮೇಷ್ಟ್ರೇ. ಮರದ ಕೆಳಗೆ ಇಲ್ದಿದ್ಮೇಲೆ ನಾನು ಯಾರು ಅಂತ್ಲೇ ಗೊತ್ತಾಗ್ತಿಲ್ಲ.”

ಅಲ್ಲೇ, ಎರಡು ಲಾರಿಗಳ ನಡುವೆ, ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಜಾಗ ವಾಪಸು ಸಿಕ್ಕರೆ ಆತ ಒಂದರಿಂದ ಎರಡರವರೆಗೆ ಸಿಡಿಸುವುದಿಲ್ಲ. ಅದಕ್ಕೆ ಬದಲಾಗಿ ನಾನೇನು ಕೊಡಲಿ ಎಂದು ಕೇಳಿದೆ.

“ಪ್ರತಿ ಸಂತೆಗೂ ಮೊದಲನೇ ಡಬ್ಬಿ ನೀವು ತಂದಿಡ್ಬೇಕು. ಎರಡನೇ ಡಬ್ಬಿ ಇಡೋಕೆ ಊರೆಲ್ಲ ಬರ್ತಾರೆ. ಮೊದಲನೇದು ಇಡೋಕೆ ಮಾತ್ರ ಎಲ್ರೂ ಸುತ್ತಮುತ್ತ ನೋಡ್ತಾರೆ. ಸಂತೆ ದಿನ ಬೆಳಗ್ಗೆ ಅದೊಂದೇ ನನ್ನ ಕಷ್ಟ.”

ಇಡೀ ಮಾತುಕತೆಗೆ ಮೂರು ನಿಮಿಷ ಹಿಡಿಯಿತು. ತಮ್ಮ ಎರಡು ಆದೇಶ, ಒಂದು ಮೀಟರು, ಒಂದು ಗಾಜಿನ ಮಳಿಗೆ, ನನ್ನ ಮೂರು ಹಾಳೆ ಸೇರಿ ಮಾಡಲಾಗದ್ದನ್ನು ಇಬ್ಬರು ಮುದುಕರು ಪೆಟ್ಟಿಗೆಯ ಮೇಲೆ ಕೂತು ಮಾಡಿದರು. ಹೊಗೆ ಬಿಡುವವನೂ ಬಟ್ಟೆ ಒಗೆಯುವವನೂ ಎದುರುಬದುರು ಕೂತು ಮಾತಾಡಿದರೆ ಎಷ್ಟೋ ಸಲ ಸರ್ಕಾರ ಬೇಕಾಗುವುದಿಲ್ಲ ಎಂಬುದು ಕೂಡ ಅದೇ ಪಾಠದ ಕೊನೆಯ ಪುಟದಲ್ಲಿತ್ತು. ಅದೂ ಪರೀಕ್ಷೆಗೆ ಬರುತ್ತಿರಲಿಲ್ಲ. ಈಗ ಆ ಒಪ್ಪಂದಕ್ಕೆ ಅಡ್ಡ ಇರುವುದು ಒಂದೇ, ತಮ್ಮ ಆದೇಶ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನನ್ನ ನಲವತ್ತನಾಲ್ಕನೆಯ ದೂರನ್ನು ಮಿಕ್ಕ ನಲವತ್ತಮೂರರ ಜೊತೆಗೇ ಸೇರಿಸಿ ಪರಿಶೀಲಿಸುತ್ತಲೇ ಇರಿ. ಅದರ ಮೇಲೆ ಹೊರಡಿಸಿದ ಎರಡೂ ಆದೇಶಗಳನ್ನು ಇಪ್ಪತ್ತೇಳರ ಬೆಳಿಗ್ಗೆ, ಗುಜರಿಯವನು ಬರುವ ಮೊದಲು, ರದ್ದು ಮಾಡಿ. ಮಾನ್‌ಸುವಿಗೆ ಮರದ ಕೆಳಗಿನ ಜಾಗ ಕೊಡಿ, ಕೂಗನ್ನೂ ಕೊಡಿ. ಗಾಜಿನ ಮಳಿಗೆಯನ್ನು ಒಡೆಯಬೇಕಾಗಿಲ್ಲ. ಅದರೊಳಗೆ ಒಂದು ಬೆಂಚು ಹಾಕಿಸಿದರೆ ಡಬ್ಬಿಯಿಟ್ಟವರು ಕೂತುಕೊಳ್ಳುತ್ತಾರೆ.

ತಾವು ನಿರ್ಧರಿಸಲು ಅನುಕೂಲವಾಗಲೆಂದು ಒಂದು ವಿಷಯ ತಿಳಿಸುತ್ತೇನೆ. ಇಪ್ಪತ್ತೇಳರ ಬೆಳಿಗ್ಗೆ ತಾವು ಕಚೇರಿಗೆ ಬಂದಾಗ ಮೆಟ್ಟಿಲಿನಿಂದ ಹಿಡಿದು ತಮ್ಮ ಕೋಣೆಯ ಕಡೆಗೆ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ. ಇಂದಿಗೆ ಮೂವತ್ತಾರು ಜನ ಹೆಸರು ಕೊಟ್ಟಿದ್ದಾರೆ. ಯಾರೂ ಕೂಗುವುದಿಲ್ಲ, ಕೂಗು ನಿಷಿದ್ಧವೆಂದು ನಮಗೆ ಗೊತ್ತಿದೆ. ಜನರೂ ಇರುವುದಿಲ್ಲ. ಅದು ಪ್ರತಿಭಟನೆಯಲ್ಲ, ಪಾಳಿ. ಮೊದಲನೆಯದು ನನ್ನ ಜೋಳದ ಡಬ್ಬಿ. ಒಪ್ಪಂದದ ಪ್ರಕಾರ ಅದನ್ನು ನಾನೇ ಇಡುತ್ತೇನೆ. ಎರಡನೆಯದು ಸೊಚೊನ್ ಅಜ್ಜಿಯದು. ಆಕೆ ನಿನ್ನೆ ಡಬ್ಬಿ ತೋರಿಸುತ್ತ, ಅಂತೂ ಒಂದು ಚಮಚ ಎಣ್ಣೆ ಕೊಸರು ಹಾಕಿದಳು. ಅರ್ಧ ಚಮಚ ಎನ್ನಿ.

ಮೂರನೆಯದು ಯಾರದೆಂದು ನಾನು ಹೇಳುವುದಿಲ್ಲ. ಗೌಪ್ಯವನ್ನು ಹೇಗೆ ಕಾಪಾಡಬೇಕೆಂದು ತಮ್ಮಿಂದಲೇ ಕಲಿತಿದ್ದೇನೆ. ಎಂಬತ್ತೊಂದು ವರ್ಷದ ಹೆಂಗಸು, ಹಾಲಿನ ಪುಡಿಯ ಹಳೆಯ ಡಬ್ಬಿ, ಅದರ ಪಕ್ಕೆಯಲ್ಲಿ ಒಂದು ತಗ್ಗು. ಆಕೆಯ ಮಗ ಆರು ವರ್ಷದವನಿದ್ದಾಗ ಎರಡು ಕೈಯಲ್ಲೂ ಡಬ್ಬಿ ಹಿಡಿದಿದ್ದನಂತೆ, ಕೂಗು ಕೇಳಿದರೂ ಕಿವಿ ಮುಚ್ಚಿಕೊಳ್ಳಲು ಕೈ ಖಾಲಿಯಿಲ್ಲದೆ ಢಂ ಸದ್ದಿಗೆ ಬೆಚ್ಚಿ ಅದನ್ನು ಕೆಳಗೆ ಬೀಳಿಸಿದನಂತೆ. ಅಕ್ಕಿಯೆಲ್ಲ ಮಣ್ಣುಪಾಲಾಗಿ ಹುಡುಗ ಅಳತೊಡಗಿದಾಗ ಮಾನ್‌ಸುವಿನ ಅಪ್ಪ ಬೇರೆಯವರ ಬಲೆಯಿಂದ ಎರಡು ಬೊಗಸೆ ಅರಳು ತೆಗೆದು ಅವನ ಅಂಗಿಯ ಮಡಿಲಿಗೆ ಹಾಕಿದನಂತೆ. “ಆ ಹುಡುಗನಿಗೆ ನೀವೂ ಪಾಠ ಹೇಳಿದೀರಿ ಮೇಷ್ಟ್ರೇ,” ಎಂದಳು ಆಕೆ. “ಈಗ ದೊಡ್ಡ ಕುರ್ಚೀಲಿ ಕೂತವ್ನೆ. ನಾನು ಬಾಯಿಬಿಟ್ಟು ಹೇಳಲ್ಲ, ಅವ್ನ ಕೆಲ್ಸ ಅವ್ನಿಗೆ. ಡಬ್ಬಿ ಇಟ್ಟು ಬರ್ತೀನಿ ಅಷ್ಟೇ.”

ಎರಡು ದಿನ ಮೊದಲೇ ಹೇಳಿರುತ್ತೇನೆ: ಆಕೆ ಬೇರೆಯವರ ಕೈಗೆ ಡಬ್ಬಿ ಕೊಡಲು ಒಪ್ಪಲಿಲ್ಲ, ತಾನೇ ಹೊತ್ತು ತರುತ್ತಾಳಂತೆ. ಆಕೆಯ ಮನೆಯಿಂದ ತಮ್ಮ ಕಚೇರಿಗೆ ಬರಲು ಅಂಚೆ ಕಚೇರಿಯ ಮುಂದೆಯೇ ರಸ್ತೆ ದಾಟಬೇಕು. ಅಲ್ಲಿಯ ಹಸಿರು ದೀಪ ಹದಿನಾಲ್ಕು ಸೆಕೆಂಡಿಗೆ ಆರುತ್ತದೆ. ಈ ಬಗ್ಗೆ ತಮ್ಮಲ್ಲಿ ಮೂರು ದೂರುಗಳಿವೆ.

ಇಂತಿ,
ಮೂವತ್ತೊಂದು ವರ್ಷ ಅರ್ಧ ಪಾಠ ಹೇಳಿ ಪೂರ್ತಿ ಸಂಬಳ ತೆಗೆದುಕೊಂಡ,
ಮಧ್ಯಾಹ್ನ ಈಗ ಪೂರ್ಣ ನಿಶ್ಶಬ್ದವಿದ್ದರೂ ನಿದ್ದೆ ಬಾರದ,
ಗುಕ್ ಇಲ್‌ಸೊಪ್
(ನಾಲ್ಕನೆಯ ಮಹಡಿ. ಗೌಪ್ಯವಾಗಿಡಬೇಕಾಗಿಲ್ಲ.)